ನೇರಳೆ ಮುಚ್ಚಳದ ಸೊನ್ನೆ

ಆಸ್ಪತ್ರೆಯಲ್ಲಿ ಅವಳಿಗೆ ಸೊನ್ನೆ ಮೇಡಂ ಎಂದು ಹೆಸರು. ಎದುರಿಗೆ ಯಾರೂ ಕರೆಯುವುದಿಲ್ಲ, ಅಷ್ಟು ಧೈರ್ಯ ಯಾರಿಗಿದೆ? ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತದೆ. ಡಯಾಲಿಸಿಸ್ ಯಂತ್ರಗಳಿಗೆ ಹೋಗುವ ನೀರಿನಲ್ಲಿ ಗಡಸುತನ ಇಲ್ಲ ಎಂದು ಖಾತ್ರಿ ಮಾಡಿಕೊಂಡು, ಪುಸ್ತಕದಲ್ಲಿ ಸೊನ್ನೆ ಬರೆದು ರುಜು ಹಾಕುವುದು ಅವಳ ಇಪ್ಪತ್ತನಾಲ್ಕು ವರ್ಷದ ಕೆಲಸ. ಆ ರುಜು ಬೀಳದೆ ಯಂತ್ರ ಚಾಲು ಆಗುವಂತಿಲ್ಲ. ಗಡಸು ನೀರಿನ ಕ್ಯಾಲ್ಸಿಯಂ ರಕ್ತಕ್ಕೆ ಸೇರಿದರೆ ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ, ಬಿ.ಪಿ. ಏರುತ್ತದೆ. ಹೆಚ್ಚಾದರೆ ಜೀವಕ್ಕೇ ಸಂಚಕಾರ.

ವಾರಕ್ಕೆ ಮೂರು ದಿನ ಆ ಯಂತ್ರಕ್ಕೆ ಕೈ ಒಡ್ಡುವವರಲ್ಲಿ ಅವಳ ಸೋದರಮಾವನೂ ಒಬ್ಬರು. ಅವರು ಟೈಲರ್. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವರು ಅವರೇ. ಮೂರು ವಾರದಿಂದ ಮಾವನಿಗೆ ಯಂತ್ರದಿಂದ ಎದ್ದ ಮೇಲೆ ತಲೆನೋವು, ವಾಂತಿ. ಕಿಡ್ನಿ ಕೆಟ್ಟವರಿಗೆ ಕುಡಿಯುವ ನೀರೂ ಉಪ್ಪೂ ಲೆಕ್ಕದಷ್ಟೇ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಕದ್ದು ನೀರು ಕುಡಿದ್ರಾ?" ಇಲ್ಲ ಎಂದರೆ ನಂಬಲಿಲ್ಲ. ಇಡೀ ವಾರ್ಡಿಗೆ ಕೇಳುವಂತೆ ಬೈದಳು. ಅತ್ತೆಗೆ ಫೋನ್ ಮಾಡಿ, ಉಪ್ಪಿನ ಡಬ್ಬಿ ಬಚ್ಚಿಡಿ, ನೀರಿನ ಲೋಟದ ಮೇಲೂ ಕಣ್ಣಿಡಿ ಎಂದಳು.

ಆ ಸೋಮವಾರ ಬೆಳಿಗ್ಗೆ ಅತ್ತೆ ಫೋನಿನಲ್ಲಿ ಅಳುತ್ತಿದ್ದರು. "ಇವತ್ತೊಂದಿನ ಬರ್ತಾರಂತೆ, ಅದೂ ನನ್ನ ಬಲವಂತಕ್ಕೆ. ನಾಳಿದ್ದಿಂದ ಬರಲ್ಲ ಅಂತಿದ್ದಾರೆ ಕಣೇ. ಈ ಸಂಕಟಕ್ಕಿಂತ ಹೋಗೋದೇ ವಾಸಿ ಅಂತಾರೆ."

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಡಯಾಲಿಸಿಸ್ ಬಿಟ್ಟರೆ ಎಷ್ಟು ದಿನ ಬದುಕುತ್ತಾರೆ ಈ ಮನುಷ್ಯ? ಹತ್ತು ದಿನ? ಗೊಣಗುತ್ತಲೇ ಅಂದಿನ ನೀರನ್ನು ಕೋನಿಕಲ್ ಫ್ಲಾಸ್ಕಿಗೆ ಸುರಿದು, ಅಮೋನಿಯಾ ಬಫರ್ ಹಾಕಿ, ಚಿಟಿಕೆ ಇಂಡಿಕೇಟರ್ ಉದುರಿಸಿದಳು. ಗಡಸುತನ ಇದ್ದರೆ ನೀರು ಕಡುಗೆಂಪಾಗುತ್ತದೆ. ಆಗ ಬ್ಯೂರೆಟ್ಟಿನಿಂದ ಇ.ಡಿ.ಟಿ.ಎ. ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಅದು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನೆಲ್ಲ ಹಿಡಿದು ಕಟ್ಟಿಹಾಕಿದ ಕ್ಷಣ ಕೆಂಪು ಹೋಗಿ ನೀಲಿ ಬರುತ್ತದೆ. ಮೊದಲೇ ನೀಲಿ ಇದ್ದರೆ ಸೊನ್ನೆ. ಅಂದೂ ಮೊದಲೇ ನೀಲಿ.

ಪೆನ್ನು ಎತ್ತಿದವಳು ಬರೆಯಲಿಲ್ಲ. ಇಂಡಿಕೇಟರ್ ಹಾಳಾಗಿದೆಯೇನೋ ಎಂದು ಅದೇ ಫ್ಲಾಸ್ಕಿಗೆ ಒಂದು ಹನಿ ನಲ್ಲಿ ನೀರು ಬಿಟ್ಟಳು. ಊರಿನ ನಲ್ಲಿ ನೀರು ಎಷ್ಟು ಗಡಸೆಂದರೆ ಒಂದೆರಡು ಹನಿಗೇ ಕೆಂಪಾಗಬೇಕು. ಆಗಲಿಲ್ಲ. ಹತ್ತು ಹನಿ ಬಿಟ್ಟಳು. ಆಮೇಲೆ ಪಿಪೆಟ್ಟಿನಲ್ಲಿ ಹತ್ತು ಎಂ.ಎಲ್. ಅಳೆದು ಸುರಿದಳು. ನೀಲಿ ನೀಲಿಯಾಗಿಯೇ ಇತ್ತು. ಬೇರೆ ಫ್ಲಾಸ್ಕಿನಲ್ಲಿ ಬರೀ ನಲ್ಲಿ ನೀರಿಗೆ ಅದೇ ಇಂಡಿಕೇಟರ್ ಹಾಕಿದರೆ ತಕ್ಷಣ ಕೆಂಪಾಯಿತು. ಹಾಗಾದರೆ ಇಂಡಿಕೇಟರ್ ಸರಿಯಾಗಿದೆ. ತಂದ ನೀರಿನಲ್ಲೇ ಮೊದಲಿನಿಂದ ಇ.ಡಿ.ಟಿ.ಎ. ಇದೆ.

ಮೇಜಿನ ಮೇಲೆ ನೀರು ತಂದ ನಾಲ್ಕು ಟ್ಯೂಬುಗಳು ಬಿದ್ದಿದ್ದವು. ನೇರಳೆ ಮುಚ್ಚಳದ ಟ್ಯೂಬುಗಳು, ರಕ್ತ ಹಿಡಿಯುವಂಥವು. ರಕ್ತ ಹೆಪ್ಪುಗಟ್ಟದಿರಲೆಂದು ಅವುಗಳ ಒಳಮೈಗೆ ಸವರಿರುವುದು ಇ.ಡಿ.ಟಿ.ಎ.ಯನ್ನೇ! ಸ್ಯಾಂಪಲ್ ಬಾಟಲಿಗಳು ಒಡೆದುಹೋಗಿವೆ, ಹೊಸದು ಬೇಕು ಎಂದು ಅವಳು ಮೂರು ಸಲ ಬರೆದುಕೊಟ್ಟಿದ್ದಳು. ಆಡಳಿತಾಧಿಕಾರಿ ಅದನ್ನು ಕಿವಿಗೇ ಹಾಕಿಕೊಳ್ಳದೆ, ತಾರೀಕು ಮುಗಿದ ಎರಡು ಪೆಟ್ಟಿಗೆ ಟ್ಯೂಬು ಕಳಿಸಿದ್ದ. ಅದನ್ನೊಂದು ಸಾಧನೆಯೆಂದು ಮೀಟಿಂಗಿನಲ್ಲಿ ಹೇಳಿಕೊಂಡೂ ಇದ್ದ, ಮಹಾನುಭಾವ. ಆದರೆ ಅವನಿಗೆ ರಸಾಯನಶಾಸ್ತ್ರ ಗೊತ್ತಿಲ್ಲ. ಇವಳಿಗೆ ಗೊತ್ತಿತ್ತು. ಮೂರು ವಾರ ಆ ಮುಚ್ಚಳಗಳನ್ನು ತನ್ನ ಕೈಯಾರೆ ಬಿಚ್ಚಿದವಳು ಇವಳೇ.

ತೊಳೆದ ಫ್ಲಾಸ್ಕ್, ಬಫರ್, ಇಂಡಿಕೇಟರ್ ಹಿಡಿದು ಓಡಿದಳು. ಯಂತ್ರಕ್ಕೆ ಹೋಗುವ ಕೊಳವೆಯ ನಲ್ಲಿಯಿಂದಲೇ ನೀರು ಹಿಡಿದು ಇಂಡಿಕೇಟರ್ ಹಾಕಿದರೆ ರಕ್ತದಂಥ ಕೆಂಪು. ಪಕ್ಕದ ಮಂಚದಲ್ಲಿ ಮಾವ ಆಗಷ್ಟೇ ಮಲಗಿದ್ದರು. ನರ್ಸ್ ಸೂಜಿಯ ಪ್ಯಾಕೆಟ್ ಬಿಚ್ಚುತ್ತಿದ್ದಳು.

"ನಿಲ್ಸಿ! ಯಾರಿಗೂ ಚುಚ್ಚಬೇಡಿ!"

ವಿಷಯ ಕಿವಿಗೆ ಬಿದ್ದದ್ದೇ ಆಡಳಿತಾಧಿಕಾರಿ ಓಡಿ ಬಂದು ಅವಳನ್ನು ಬಾಗಿಲ ಹೊರಗೆ ಕರೆದ. ದನಿ ತಗ್ಗಿಸಿ, "ಕರೆಂಟ್ ತೊಂದರೆ ಅಂತ ಹೇಳೋಣ ಮೇಡಂ. ಸಂಜೆಯೊಳಗೆ ಗಡಸು ತೆಗೆಯೋ ಫಿಲ್ಟರ್ ಬದಲಾಯಿಸಿಬಿಡೋಣ. ಹಳೇ ರಿಪೋರ್ಟ್ ಹೇಗಿದೆಯೋ ಹಾಗೇ ಇರಲಿ. ಅದರಲ್ಲಿರೋದು ನಿಮ್ಮದೇ ಸೈನ್ ಅಲ್ವಾ?" ಎಂದ.

"ನನ್ನದೇ. ಅದಕ್ಕೇ ನಾನೇ ಹೊಡೆದು ಹಾಕ್ತೀನಿ."

"ಯೋಚನೆ ಮಾಡಿ. ಕೆಲಸ ಹೋಗುತ್ತೆ."

"ಹೋಗಲಿ ಸ್ವಾಮಿ! ಒಳಗೆ ಎಂಟು ಜನರ ಜೀವ ಹೋಗ್ತಿತ್ತಲ್ಲ, ಆಗ ಯಾರು ಯೋಚನೆ ಮಾಡಿದ್ರು? ನೀವು ಮಾಡಿದ್ರಾ? ನಾನು ಮಾಡಿದ್ನಾ?"

ಮೂರು ವಾರದ ಹದಿನೆಂಟು ಸೊನ್ನೆಗಳನ್ನೂ ಕೆಂಪು ಶಾಯಿಯಲ್ಲಿ ಹೊಡೆದು, ಪ್ರತಿಯೊಂದರ ಪಕ್ಕ 'ಪರೀಕ್ಷೆ ತಪ್ಪು' ಎಂದು ಬರೆದು ರುಜು ಹಾಕಿದಳು. ಪುಸ್ತಕವನ್ನು ದೊಡ್ಡ ಡಾಕ್ಟರ ಮೇಜಿನ ಮೇಲಿಟ್ಟಳು. ಆಮೇಲೆ ಮಂಚದಿಂದ ಮಂಚಕ್ಕೆ ಹೋಗಿ ಎಂಟೂ ಜನರಿಗೆ ನಡೆದದ್ದನ್ನು ಹೇಳಿದಳು. ಒಬ್ಬ ಹೆಂಗಸು ಬಾಯಿಗೆ ಬಂದಂತೆ ಬೈದಳು. ಇವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಮಾವನ ಹತ್ತಿರ ಹೋಗುವುದನ್ನು ಕೊನೆಗೆ ಉಳಿಸಿಕೊಂಡಿದ್ದಳು.

"ನೀವು ಕದ್ದು ಕುಡಿದಿರಲಿಲ್ಲ ಮಾವ. ನೀರೇ ಕೆಟ್ಟಿತ್ತು. ನಾನು ನೋಡಲಿಲ್ಲ."

ಮಾವ, "ಕುಡಿದಿಲ್ಲ ಅಂತ ನನಗೇ ಗೊತ್ತಿತ್ತು ಕಣೇ. ಆದ್ರೂ ನೀನು ಅಷ್ಟು ಜೋರಾಗಿ ಹೇಳಿದ್ಮೇಲೆ, ನಿದ್ದೆಗಣ್ಣಲ್ಲಿ ಕುಡಿದಿದ್ನೇನೋ ಅನ್ನಿಸ್ತು. ಡಾಕ್ಟರು ಕೊಟ್ಟ ಲೆಕ್ಕದ ನೀರೂ ಬಿಟ್ಟೆ. ನಾಲಿಗೆ ಒಣಗಿ ಬಾಯೊಳಗೇ ಅಂಟಿಕೊಳ್ತಿತ್ತು" ಎಂದರು.

ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನ್ನಿಸಿತು. ಆಡಳಿತಾಧಿಕಾರಿಯ ಮೇಲಿದ್ದ ಸಿಟ್ಟೆಲ್ಲ ತನ್ನ ಮೇಲಿನ ಈ ಸಿಟ್ಟಿನ ಮುಂದೆ ಏನೂ ಅಲ್ಲ.

ಸಂಜೆ ಐದಕ್ಕೆ ಹೊಸ ಫಿಲ್ಟರ್ ಕೂತಿತು. ಅವಳು ಬ್ಯೂರೆಟ್ ಸ್ಟ್ಯಾಂಡನ್ನು ವಾರ್ಡಿಗೇ ತಂದು ಮಾವನ ಮಂಚದ ಪಕ್ಕ ನಿಲ್ಲಿಸಿದಳು. ಗಾಜಿನ ಫ್ಲಾಸ್ಕಿಗೆ ನೇರವಾಗಿ ನೀರು ಹಿಡಿದು ಇಂಡಿಕೇಟರ್ ಹಾಕಿದಳು. ನೀಲಿ ಬಂತು. ಒಂದು ಹನಿ ನಲ್ಲಿ ನೀರು ಬಿಟ್ಟಳು. ಫ್ಲಾಸ್ಕ್ ಕೆಂಪೇರಿತು.

"ಈಗ ಸರಿಯಾಗಿದೆ ಮಾವ. ಇದು ನಿಜವಾದ ಸೊನ್ನೆ."

ಮಾವ ಫ್ಲಾಸ್ಕನ್ನು ನೋಡಿದರು, ಅವಳನ್ನು ನೋಡಿದರು.

"ಹಾಗಂತ ಯಾರು ಹೇಳ್ತಿರೋದು? ನೀನೇ ಅಲ್ವಾ?"

ಮಾವ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, ನರ್ಸಿಗೆ ಕೈ ಚಾಚಿದರು.