ವಾಸು ಮಾವನ ಕಡಲಹಂದಿಗಳು

ಇವತ್ತು ಬೆಳಿಗ್ಗೆ ಕಪಾಟಿನಿಂದ ದುರ್ಬೀನು ತೆಗೆದೆ. ಅದರ ಪಟ್ಟಿಯಲ್ಲಿ ಇನ್ನೂ ತೆಂಗಿನೆಣ್ಣೆಯ ವಾಸನೆ. ಬಿಸಿಲಿಗೆಂದು ಉಳಿದವರೆಲ್ಲ ಕ್ರೀಮು ಬಳಿದುಕೊಂಡರೆ, ವಾಸು ಮಾವ ಕುತ್ತಿಗೆಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಿದ್ದರು.

ಮಾವ ಎಂದರೆ ನನ್ನಮ್ಮನ ಅಣ್ಣ. ಉಡುಪಿಯಿಂದ ಮರಾಠಿ ನೆಲಕ್ಕೆ ಬಂದು ನೆರೂಳಿನ ಹೋಟೆಲೊಂದರಲ್ಲಿ ಆರ್ಡರ್ ಕೂಗುತ್ತಲೇ ಪ್ರಾಯ ಕಳೆದವರು. ಕೆಲಸ ಬಿಟ್ಟ ಮೇಲೆ ಉರಣದ ಲೋಕಲ್ ರೈಲು ಹಿಡಿದು, ಕಡಲಿಗೆ ಚಾಚಿದ ಗುಡ್ಡವೊಂದರ ಮೇಲೆ ಕೂರತೊಡಗಿದರು. ಅಲ್ಲಿ ಕೆಲವು ಯುವಕ ಯುವತಿಯರು ಬೇಸಿಗೆಯಿಡೀ ಕಡಲಹಂದಿಗಳನ್ನು ಎಣಿಸುತ್ತಿದ್ದರು. ಹೆಸರು ಕೇಳಿ ಮೂಗು ಮುರಿಯಬೇಡಿ. ಅದು ಡಾಲ್ಫಿನ್ನಿನ ನೆಂಟ. ಬೆನ್ನ ಮೇಲೆ ರೆಕ್ಕೆಯಿಲ್ಲ, ಒಮ್ಮೆ ಹೊಳೆದು ಮುಳುಗುತ್ತದೆ.

"ಇಷ್ಟು ವರ್ಷ ಟೇಬಲ್ ಬಿಟ್ಟು ಬೇರೆ ಎಂತ ನೋಡಿದ್ದೇನೆ ಹೇಳು? ಇವೂ ಈ ಊರಿನವೇ ಮಾರಾಯ್ತಿ" ಎನ್ನುತ್ತಿದ್ದರು. ನಾನು ಜೊತೆಗೆ ಹೋಗುತ್ತಿದ್ದುದು ಅವರ ಡಬ್ಬಿಯ ಬನ್ಸ್‌ಗಾಗಿ. ಆಫೀಸಿನಲ್ಲಿ ಮಾತ್ರ ಪ್ರಾಣಿಪ್ರೇಮ ಎಂದು ಹೇಳಿಕೊಂಡಿದ್ದೆ.

ನೀರಲ್ಲಿ ಬೆನ್ನು ಕಂಡರೆ ಸಾಕು, ಮಾವ ಹೋಟೆಲಿನ ಸ್ವರದಲ್ಲೇ ಕೂಗುವರು: "ಒಂದು... ಮತ್ತೊಂದು... ಇನ್ನೊಂದು." ಹೋಟೆಲಿನಲ್ಲಿ ಕೂಗಿದ್ದೆಲ್ಲ ಹೊಸ ಆರ್ಡರೇ ತಾನೆ? ಗುಂಪಿನ ಮುಂದಾಳು ಅಸ್ಮಿತಾ, ಇಲ್ಲೇ ಹುಟ್ಟಿ ಬೆಳೆದು ಹಿಂದಿಯೇ ರೂಢಿಯಾದ ಕನ್ನಡದ ಹುಡುಗಿ, ಒಂದು ದಿನ ಪಕ್ಕದಲ್ಲಿ ಕೂತು ನೋಡಿದಳು. "ಅಂಕಲ್, ವೋ ಏಕ್ ಹೀ ಹೈ" ಎಂದಳು ಮೆಲ್ಲಗೆ. ಒಂದೇ ಪ್ರಾಣಿ, ಉಸಿರಿಗಾಗಿ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ಮಾವ ಅದುವರೆಗೆ ಬರೆಸಿದ್ದೆಲ್ಲವನ್ನೂ ಹೊಡೆದುಹಾಕಬೇಕಾಯಿತು. ನಂಬುವಂಥ ಲೆಕ್ಕ ಸಿಗದಿದ್ದರೆ ಈ ಗುಡ್ಡವನ್ನೇ ಕೈಬಿಡುವುದೆಂದು ಗುಂಪು ಮೊದಲೇ ತೀರ್ಮಾನಿಸಿತ್ತು. ಆಮೇಲೆ ಇಲ್ಲಿನ ಕಡಲಹಂದಿಗಳನ್ನು ಕೇಳುವವರೇ ಇರುವುದಿಲ್ಲ.

ಮಾವನ ಮುಖ ಸಣ್ಣದಾಯಿತು. ಇನ್ನು ಬರಲಾರರು ಎಂದುಕೊಂಡು ಮಲಗಿದ್ದೆ. ಬೆಳಗಾಗುವ ಮೊದಲೇ ಬಾಗಿಲು ಬಡಿದರು. "ಏಳು. ಒಟ್ಟಿಗೆ ಕಂಡರೆ ಮಾತ್ರ ಎರಡು, ತಿಳೀತಾ?"

ಮತ್ತೆಂದೂ ಅವರು ಕೂಗಲಿಲ್ಲ. ಬೆವರು ಕಣ್ಣಿಗಿಳಿದರೂ ನೀರಿನಿಂದ ದೃಷ್ಟಿ ತೆಗೆಯಲಿಲ್ಲ. ಹೆಚ್ಚಿನ ದಿನ "ಕಾಣಲಿಲ್ಲ" ಎಂದೇ ಬರೆಸಿದರು. ಅಪರೂಪಕ್ಕೆ ಅವರು "ಒಂದು" ಎಂದಾಗ ಅಸ್ಮಿತಾ ಮರುಪ್ರಶ್ನೆ ಕೇಳುತ್ತಿರಲಿಲ್ಲ. ಗುಂಪಿಗೆ ನಂಬುವಂಥ ಲೆಕ್ಕ ಸಿಕ್ಕಿತು, ಗುಡ್ಡ ಉಳಿಯಿತು.

ಈ ಬೇಸಿಗೆಯಲ್ಲಿ ಮಾವನ ಮೊಣಕಾಲು ಮುಷ್ಕರ ಹೂಡಿದೆ. ಹಾಗಾಗಿ ದುರ್ಬೀನು ನನ್ನ ಪಾಲಿಗೆ ಬಂತು, ಬನ್ಸ್ ಇಲ್ಲದೆ. ಮಧ್ಯಾಹ್ನದವರೆಗೆ ಬರೀ ನೀರು ನೋಡಿ ಇಳಿಯುವಾಗ ಅವರ ಫೋನು ಬಂತು.

"ಎಷ್ಟಾಯ್ತು?"

ಆ ದನಿಯಲ್ಲಿ ಆಸೆಯಿತ್ತು. ಒಂದು ಎಂದುಬಿಡೋಣ ಅನ್ನಿಸಿತು.

"ಕಾಣಲಿಲ್ಲ ಮಾವ."

"ಸರಿ. ಹಾಗೇ ಬರೆಸು. ಬನ್ಸ್ ಮಾಡಿಸಿಡ್ತೇನೆ, ನಾಳೆ ಬೇಗ ಹೋಗು."

ನಾಳೆಯೂ ಹೋಗುತ್ತೇನೆಂದು ನಾನು ಹೇಳಿರಲಿಲ್ಲ. "ಬನ್ಸ್ ಬೇಡ ಮಾವ," ಎಂದೆ, "ಮೊದಲ ಲೋಕಲ್‌ಗೇ ಹೋಗ್ತೇನೆ."