ಕಾಕಾನ ಮೋಟಾರಿನ ಬಾಸಿಂಗ

ಮೊನ್ನೆ ಬೆಳಿಗ್ಗೆ ನಮ್ಮ ಮನೆಯ ಕಟ್ಟೆಯ ಮೇಲೆ ಒಂದು ನಂಬರ್ ಪ್ಲೇಟು ಬಿದ್ದಿತ್ತು. ಪಕ್ಕದಲ್ಲಿ ಸ್ಕ್ರೂಗಳು, ಅವನ್ನು ಬಿಚ್ಚಿದ ಪಾನಾ. ಹುಬ್ಬಳ್ಳಿಯಿಂದ ಹೊಸ ಕಾರು ತಂದಿದ್ದ ಮೊಮ್ಮಗ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಕೂಸಿನ ಮೂತಿ ಒರೆಸಿದ ಹಾಗೆ ಒರೆಸುತ್ತಿದ್ದ.

"ಅದನ್ನ್ಯಾಕ ಬಿಚ್ಚಿದಿ?" ಎಂದೆ.

"ಮುಂದ ಅದಿದ್ರ ಗಾಡಿ ಚೆಂದ ಕಾಣಂಗಿಲ್ಲ, ಆಯಿ. ಈಗ ನೋಡು ಹ್ಯಾಂಗೈತಿ ಲುಕ್ಕು!"

ನೋಡಿದೆ. "ಹಚ್ಚೋ ಅದನ್ನ, ಮೊದಲ ಹಚ್ಚು!" ಎಂದು ನಾನು ಚೀರಿದ್ದು ಆಚೆ ಮನೆಯವರಿಗೂ ಕೇಳಿಸಿತಂತೆ. ಪೊಲೀಸರು ದಂಡ ಹಾಕುತ್ತಾರೆಂದು ಮುದುಕಿ ಹೆದರಿದ್ದಾಳೆ ಎಂದುಕೊಂಡು ಹುಡುಗ ನಕ್ಕ. ದಂಡದ ಮಾತಾಗಿದ್ದರೆ ನಾನೂ ನಗುತ್ತಿದ್ದೆ. ಒಳಗೆ ಬಂದು ಕುಳಿತೆ. ನನ್ನನ್ನು ಚೀರಿಸಿದ್ದು ಐವತ್ತರ ದಶಕದ ಒಂದು ಸಂಗತಿ. ಇಷ್ಟು ವರ್ಷಗಳ ಮೇಲೂ ನನ್ನನ್ನು ಬಿಟ್ಟಿಲ್ಲ ಎಂದರೆ...

ನನ್ನ ತವರು ಗಜೇಂದ್ರಗಡ. ನಮ್ಮದು ನೇಕಾರರ ಓಣಿ. ಬೆಳಗಾದರೆ ಮನೆಮನೆಯಿಂದ ಮಗ್ಗದ ಸಪ್ಪಳ. ಓಣಿಯ ತುದಿಯ ಮನೆ ಕಾಕಾನದು. ರಕ್ತಸಂಬಂಧವೇನೂ ಇರಲಿಲ್ಲ, ಓಣಿಯ ಮಕ್ಕಳೆಲ್ಲ ಕರೆಯುತ್ತಿದ್ದುದೇ ಹಾಗೆ. ನೇಕಾರರಿಂದ ಸೀರೆ ಕೊಂಡು ರೋಣ, ನರಗುಂದ, ಗದಗಿನ ಅಂಗಡಿಗಳಿಗೆ ಹಾಕುವುದು ಅವರ ವ್ಯಾಪಾರ. ಅಪ್ಪನಿಗೂ ಅವರಿಗೂ ಎಂಥ ದೋಸ್ತಿ ಎಂದರೆ, ಒಬ್ಬರ ಮನೆಯಲ್ಲಿ ಹೋಳಿಗೆ ಮಾಡಿದರೆ ಇನ್ನೊಬ್ಬರು ಕರೆಯುವ ಮೊದಲೇ ತಾಟಿನ ಮುಂದೆ ಕುಳಿತಿರುತ್ತಿದ್ದರು.

ಕಾಕಾ ಶೋಕಿಯ ಮನುಷ್ಯ. ಧೋತರಕ್ಕೆ ಒಂದು ಸುಕ್ಕು ಬೀಳಬಾರದು, ರುಮಾಲು ಸಡಿಲಾಗಬಾರದು, ಮೀಸೆಯ ತುದಿ ಕೆಳಗಿಳಿಯಬಾರದು. ಜೇಬಿನಲ್ಲಿ ಸದಾ ಒಂದು ಸಣ್ಣ ಕನ್ನಡಿ. "ನಿಮ್ಮ ಕಾಕಾಗ ದೇವ್ರು ಹೆಣ್ಣು ಮಾಡಬೇಕಂತ ಮಾಡಿ ಮರತಾನವ್ವಾ," ಎಂದು ಕಾಕು, ಅಂದರೆ ಅವರ ಹೆಂಡತಿ, ಹೆಂಗಸರ ನಡುವೆ ನಗುತ್ತಿದ್ದಳು. ಅಂಥವರು ಒಂದು ದಿನ ಹುಬ್ಬಳ್ಳಿಯಿಂದ ಯಾರೋ ಓಡಿಸಿ ಮಾರಿದ ಕರಿ ಮೋಟಾರೊಂದನ್ನು ಕೊಂಡು ತಂದರು. ಅದರ ಮುಂದೆ ಬೆಳ್ಳಿಯ ಹಲ್ಲಿನ ಹಾಗೆ ಹೊಳೆಯುವ ಜಾಳಿಗೆ ಇತ್ತು. ಆ ಜಾಳಿಗೆಯ ನಟ್ಟನಡುವೆ ನಂಬರಿನ ತಗಡು. ಬಂದ ದಿನವೇ ಕಾಕಾ ಅದನ್ನು ಬಿಚ್ಚಿ ಒಳಗೆ ಒಗೆದರು. ಹಿಂದಿನ ತಗಡು ಹಾಗೇ ಇತ್ತು, ಹಿಂಭಾಗವನ್ನು ಯಾರು ನೋಡುತ್ತಾರೆ ಎಂದು!

ಕೇಳಿದವರಿಗೆಲ್ಲ ಅವರದು ಒಂದೇ ಉತ್ತರ. "ಮದಿಮಗಳ ಹಣಿಮ್ಯಾಲೆ ಯಾರರೆ ನಂಬರ ಬರೀತಾರೇನ್ರಿ?"

ಅದು ಬರೀ ಮಾತಾಗಿರಲಿಲ್ಲ. ಊರಲ್ಲಿ ಯಾರ ಮಗಳ ಲಗ್ನವಿರಲಿ, ಮದುಮಗಳು ಹೋಗುವುದು ಕಾಕಾನ ಮೋಟಾರಿನಲ್ಲೇ. ಬಾಡಿಗೆಯ ಮಾತೆತ್ತಿದರೆ ಸಿಟ್ಟಾಗುತ್ತಿದ್ದರು. ಮದುಮಗಳಿಗೆ ಕಟ್ಟುವ ಬಾಸಿಂಗದ ಜೊತೆಗೆ ಇನ್ನೊಂದು ದೊಡ್ಡ ಬಾಸಿಂಗ ಮಾಡಿಸಿ, ತಗಡು ಬಿಚ್ಚಿದ ಜಾಗದಲ್ಲಿ ತಮ್ಮ ಕೈಯಾರೆ ಕಟ್ಟುತ್ತಿದ್ದರು. ಕಟ್ಟಿ ಹತ್ತು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ಬಂದು ಒಂದೆಳೆ ಸರಿಮಾಡುವುದು. ಊರಿನ ಪೊಲೀಸ್ ಜಮಾದಾರನ ಮಗಳು ಗಂಡನ ಮನೆಗೆ ಹೋದದ್ದೂ ಅದೇ ಗಾಡಿಯಲ್ಲಿ. ಹಾಗಾಗಿ ಮುಂದಿನ ನಂಬರು ಎಲ್ಲಿ ಎಂದು ನಮ್ಮೂರಲ್ಲಿ ಯಾವ ಪೊಲೀಸನೂ ಕೇಳುತ್ತಿರಲಿಲ್ಲ.

ಆಗ ನಮ್ಮ ಸೀಮೆ ಮುಂಬೈ ಸರಕಾರದಲ್ಲಿತ್ತು. ಮುಂಬೈ ಸರಕಾರದಲ್ಲಿ ದಾರೂಬಂದಿ; ಒಂದು ಹನಿ ಸಿಕ್ಕರೂ ಜೈಲು. ಗಜೇಂದ್ರಗಡದಿಂದ ಸ್ವಲ್ಪ ದೂರ ಹೋದರೆ ಹೈದರಾಬಾದಿನ ಸೀಮೆ. ನಿಜಾಮ ಹೋಗಿದ್ದರೂ ನಮ್ಮ ಜನ ಅದನ್ನು ಮೊಗಲಾಯಿ ಎಂದೇ ಅನ್ನುತ್ತಿದ್ದರು. ಅಲ್ಲಿ ಕುಡಿತಕ್ಕೆ ತಡೆ ಇರಲಿಲ್ಲ. ಗಡಿ ದಾಟಿಸುವವರೂ ಇದ್ದರು, ಹಿಡಿಯುವವರೂ ಇದ್ದರು. ನಮ್ಮ ಓಣಿಗೆ ಅದರ ಗೊಡವೆ ಇರಲಿಲ್ಲ. ಕಾಕಾ ಅಂತೂ ಚಹಾ ಬಿಟ್ಟರೆ ಇನ್ನೊಂದು ಮುಟ್ಟಿದವರಲ್ಲ.

ನನ್ನ ಲಗ್ನ ನರಗುಂದದಲ್ಲಿ ಗೊತ್ತಾಯಿತು. ಮಾವನಾಗುವವರು ಖಾದಿ ತೊಟ್ಟವರು, ಹಳ್ಳಿಹಳ್ಳಿಗೆ ಹೋಗಿ ಕುಡಿತ ಬಿಡಿರೆಂದು ಭಾಷಣ ಮಾಡುವವರು. ನೇಕಾರನ ಮನೆಗೆ ತಾವೇ ಬಂದು ಹೆಣ್ಣು ಕೇಳಿದರು. ಅಪ್ಪನಿಗೆ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚು. ಎಲ್ಲಿ ಏನು ತಪ್ಪಾಗಿ ಅಷ್ಟು ದೊಡ್ಡ ಮನೆತನ ಕೈಬಿಟ್ಟೀತೋ ಎಂದು ನಿದ್ದೆ ಬಿಟ್ಟಿದ್ದ. ಅರಿಷಿಣ ಹಚ್ಚಿಸಿಕೊಂಡ ಹುಡುಗಿಯ ಲಗ್ನ ಮುರಿದರೆ ಆಗಿನ ಕಾಲದಲ್ಲಿ ಅವಳನ್ನು ಮತ್ತೆ ಯಾರೂ ಕೇಳುತ್ತಿರಲಿಲ್ಲ. ಅವಳು ಮನೆಯ ಮೂಲೆಯಲ್ಲಿ ನೂಲು ಸುತ್ತುತ್ತಲೇ ಮುದುಕಿಯಾಗಬೇಕು. ಅಂಥವಳೊಬ್ಬಳು ನಮ್ಮ ಓಣಿಯಲ್ಲೇ ಇದ್ದಳು. ಅವಳ ಮುಖ ನೆನಪಿಗೆ ಬಂದಾಗಲೆಲ್ಲ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಹಿರಿಯರೂ ಗಂಡಸರೂ ಮೊದಲೇ ಹೊರಟುಹೋದರು. ಮೋಟಾರಿನಲ್ಲಿ ನಾನು, ಅವ್ವ, ಸೋದರತ್ತೆ; ಮುಂದೆ ಕಾಕಾ ಒಬ್ಬರೇ. ಅವತ್ತಿನ ಬಾಸಿಂಗದಷ್ಟು ದೊಡ್ಡ ಬಾಸಿಂಗವನ್ನು ಆ ಮೋಟಾರು ಎಂದೂ ಕಟ್ಟಿರಲಿಲ್ಲ. ಹಿಂದಿನ ಸೀಟು ಯಾಕೋ ಎತ್ತರವಾಗಿತ್ತು, ಕುಳಿತರೆ ಮೆತ್ತಗೆ ಜೋಲಾಡುತ್ತಿತ್ತು. "ಮದಿಮಗಳು ಕುಂದ್ರತಾಳಂತ ಹೊಸಾ ಗಾದಿ ಹಾಕಿಸ್ಯಾನ ನೋಡು," ಎಂದು ಅತ್ತೆ ಹೊಗಳಿದಳು. ಕಾಕಾ ಗಾಡಿ ಬಿಟ್ಟರು. ದಾರಿಯುದ್ದಕ್ಕೂ ಹಾಡು ಗುನುಗುವ ಮನುಷ್ಯ ಅಂದು ಬಾಯಿ ಬಿಡಲಿಲ್ಲ... ಮಗಳನ್ನು ಕಳಿಸುವ ಸಂಕಟ ಎಂದು ನಾನು ತಿಳಿದೆ.

ರೋಣ ದಾಟಿ ಯಾವಗಲ್ಲಿನ ಹತ್ತಿರ ಬಂದಾಗ ಜಾಲಿಮರದ ನೆರಳಲ್ಲಿ ಪೊಲೀಸರು ನಿಂತಿದ್ದರು. ಫೌಜದಾರ ಹೊಸಬ. ಕೈ ಮಾಡಿ ನಿಲ್ಲಿಸಿದ. ಮುಂದೆ ಬಂದು ಬಾಸಿಂಗವನ್ನು ಬೆತ್ತದಿಂದ ಎತ್ತಿ ಅದರ ಹಿಂದೆ ಇಣುಕಿದ.

"ಮುಂದಿನ ನಂಬರ ಎಲ್ಲಿ?"

"ಚೆಂದಕ್ಕಂತ ಬಿಚ್ಚೀನ್ರಿ, ಸಾಹೇಬ್ರ. ಹಿಂದ ಐತ್ರಿ," ಎಂದರು ಕಾಕಾ. ಅವರ ದನಿ ನಡುಗಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಲಗ್ನದ ಗಾಡಿ ಅಂತ ಬಿಡಾಂವ ಇದ್ದೆ. ಚೆಂದಕ್ಕ ಯಾರರೆ ನಂಬರ ಬಿಚ್ಚತಾರೇನು? ಇಳಸು ಎಲ್ಲಾರನ್ನೂ!"

ಮದುಮಗಳು ನಡುದಾರಿಯಲ್ಲಿ ಇಳಿಯಬಾರದು ಎಂದು ಅತ್ತೆ ಕೈ ಮುಗಿದು ಬೇಡಿಕೊಂಡಳು. ಕೇಳುವವರು ಯಾರು? ಇಳಿದೆ. ಹೊಲದಲ್ಲಿದ್ದವರು ಕೆಲಸ ಬಿಟ್ಟು ಬಂದು ನೋಡುತ್ತ ನಿಂತರು. ಪೊಲೀಸನೊಬ್ಬ ನಾನು ಕುಳಿತಿದ್ದ ಸೀಟನ್ನೇ ಎತ್ತಿದ. ಅದರಡಿಯಲ್ಲಿ ಮೋಟಾರಿನ ಗಾಲಿಯ ಟ್ಯೂಬು, ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ಅವನು ಅದರ ಬಾಯಿ ಬಿಚ್ಚಿದ್ದೇ ತಡ, ಆ ವಾಸನೆ...

ದಾರೂ! ನಾನು ಗಜೇಂದ್ರಗಡದಿಂದ ಅಲ್ಲಿಯವರೆಗೆ, ಬಾಸಿಂಗ ಕಟ್ಟಿಕೊಂಡು, ದಾರೂವಿನ ಮೇಲೆ ಕುಳಿತು ಬಂದಿದ್ದೆ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತೆ ಬಾಯಿ ಬಾಯಿ ಬಡಿದುಕೊಂಡಳು. ನನಗೆ ಅಳುವೂ ಬರಲಿಲ್ಲ. ಕಾಕಾನ ಮುಖವನ್ನೇ ನೋಡುತ್ತಿದ್ದೆ. ಇವರು ಅಲ್ಲ ಅನ್ನಬೇಕು, ಯಾರೋ ಕಳ್ಳರು ಇಟ್ಟಿದ್ದಾರೆ ಅನ್ನಬೇಕು ಎಂದು ಕಾಯುತ್ತಿದ್ದೆ.

"ನಂದ ಐತ್ರಿ," ಎಂದರು ಕಾಕಾ. "ಈ ಹೆಣ್ಮಕ್ಕಳಿಗೆ ಏನೂ ಗೊತ್ತಿಲ್ಲ."

"ಯಾರಿಗೆ ಒಯ್ಯಾಕ ಹತ್ತಿದ್ದಿ?"

"ಮಾರಾಕ್ರಿ."

"ಯಾರಿಗಂತ ಕೇಳಿದೆ."

ಕಾಕಾ ಒಮ್ಮೆ ನನ್ನ ಕಡೆ ನೋಡಿದರು. "ಸಿಕ್ಕಾವರಿಗ್ರಿ," ಎಂದರು.

ಕೆನ್ನೆಗೆ ಏಟು ಬಿತ್ತು. ರುಮಾಲು ಹಾರಿ ಧೂಳಿಗೆ ಬಿತ್ತು. ಫೌಜದಾರ ಎಲ್ಲರನ್ನೂ ಠಾಣೆಗೆ ನಡೆಯಿರಿ ಎಂದಾಗ, ಧೋತರಕ್ಕೆ ಸುಕ್ಕು ಬೀಳಬಾರದೆನ್ನುತ್ತಿದ್ದ ಆ ಮನುಷ್ಯ ಕರಿಮಣ್ಣಿನಲ್ಲಿ ಮೊಣಕಾಲೂರಿ ಅವನ ಬೂಟು ಹಿಡಿದರು. "ನನ್ನ ಏನರೆ ಮಾಡ್ರಿ. ಹುಡುಗಿನ್ನ ಚಪ್ಪರಕ್ಕ ಮುಟ್ಟಸ್ರಿ, ನಿಮ್ಮ ಕಾಲಿಗಿ ಬೀಳ್ತೀನಿ." ಅವನಿಗೆ ಏನನ್ನಿಸಿತೋ, ನಮ್ಮನ್ನು ಬಿಟ್ಟ. ಯಾರದೋ ಚಕ್ಕಡಿಯಲ್ಲಿ ಕುಳಿತು ನಾವು ನರಗುಂದ ಸೇರುವ ಹೊತ್ತಿಗೆ ಸುದ್ದಿ ನಮಗಿಂತ ಮುಂದೆ ಹೋಗಿ ಚಪ್ಪರದಲ್ಲಿ ಕುಳಿತಿತ್ತು.

ಮಾವನವರು ಚಪ್ಪರದ ಬಾಗಿಲಲ್ಲೇ ತಡೆದು ನಿಂತಿದ್ದರು. ಅಪ್ಪನನ್ನು ಎಲ್ಲರೆದುರು ಕೇಳಿದರು. "ಆ ಮನುಷ್ಯಾ ನಿಮಗ ಏನಾಗಬೇಕ್ರಿ?"

ಅಪ್ಪ ನನ್ನ ಕಡೆ ನೋಡಿದ, ನೆಲ ನೋಡಿದ. "ಏನೂ ಆಗಬೇಕಿಲ್ರಿ," ಎಂದ. "ಓಣ್ಯಾಗ ಇರ್ತಾನ, ಅಷ್ಟ."

ನನ್ನ ಎದೆ ಒಡೆಯಿತು. ಆದರೆ ಆ ಮಾತಿಗೆ ನಾನು ಒಳಗೊಳಗೇ ಕೈ ಮುಗಿದದ್ದೂ ಖರೆ.

"ಹಂಗಾದ್ರ ಅಕ್ಷತಾ ಬೀಳಲಿ," ಎಂದರು ಮಾವನವರು. "ಇನ್ನ ಮ್ಯಾಲೆ ಆ ಮನುಷ್ಯಾನ ಸುದ್ದಿ ನನ್ನ ಮನ್ಯಾಗ ಬರಬಾರದು." ಮದುಮಗ ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತಿದ್ದರು. ಎಂಥ ವಿನಯದ ಹುಡುಗ ಎಂದು ನಮ್ಮ ಕಡೆಯ ಹೆಂಗಸರು ಆಡಿಕೊಂಡರು.

ಲಗ್ನವಾಯಿತು. ಕಾಕಾ ಜೈಲಿಗೆ ಹೋದರು, ಮೋಟಾರು ಸರಕಾರಕ್ಕೆ ಹೋಯಿತು. ತಿರುಗಿ ಬಂದಾಗ ಅವರ ಕೈಗೆ ಸೀರೆ ಕೊಡಲು ಯಾವ ನೇಕಾರನೂ ಒಪ್ಪಲಿಲ್ಲ. "ಚೆಂದಕ್ಕ ಅಂತ ಹೇಳಿ ಊರಿನ ಕಣ್ಣಾಗ ಮಣ್ಣ ಹಾಕಿದ. ನಂಬರ ಬಿಚ್ಚಿದ್ದು ಕಳ್ಳ ಧಂದೆಕ್ಕ!" ಎಂದು ಊರೆಲ್ಲ ಮಾತಾಯಿತು. ಅವರ ಮೋಟಾರಿನಲ್ಲಿ ಹೋಗಿದ್ದ ಮದುಮಕ್ಕಳೆಲ್ಲ ತಮ್ಮ ಸೀಟಿನ ಕೆಳಗೂ ಏನಿತ್ತೋ ಎಂದು ಅಸಹ್ಯಪಟ್ಟರು. ನಾನೂ ಪಟ್ಟೆ. ಕಡೆಗೆ ಕಾಕಾ, ಕಾಕು ಇಬ್ಬರೂ ಕಾಕುವಿನ ತವರಾದ ಶಿರೋಳಕ್ಕೆ ಹೋಗಿ ನೆಲೆಸಿದರು.

ಒಮ್ಮೆ ರೋಣದಲ್ಲಿ ಬಸ್ಸಿಗೆ ಕಾಯುವಾಗ ಕಂಡಿದ್ದರು. ರುಮಾಲಿರಲಿಲ್ಲ, ಮೀಸೆ ಬೆಳ್ಳಗಾಗಿ ಜೋತುಬಿದ್ದಿತ್ತು. ನನ್ನನ್ನು ನೋಡಿದವರೇ ಕಂಬದ ಕಡೆ ಮುಖ ತಿರುಗಿಸಿ ನಿಂತರು. ನಾಚಿಕೆ ಇರಬೇಕು ಎಂದುಕೊಂಡೆ. ನನ್ನ ಜೊತೆಗೆ ಮಾವನವರು ಇದ್ದದ್ದನ್ನು ಕಾಕಾ ನೋಡಿದ್ದಾರೆ ಎನ್ನುವುದು ಆಗ ತಲೆಗೆ ಹೊಳೆಯಲಿಲ್ಲ.

ಮಾವನವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲಿನ ಮಾತು. ಒಂದು ಸಂಜೆ ನಮ್ಮ ಮನೆಯವರ ಹಳೆಯ ಗೆಳೆಯರು ಬಂದು ಕಟ್ಟೆಯ ಮೇಲೆ ಕುಳಿತಿದ್ದರು. ಮಿರ್ಚಿ, ಚಹಾ, ನಗೆ. ನಾನು ತಾಟು ಹಿಡಿದು ಬಾಗಿಲಿಗೆ ಬರುವುದಕ್ಕೂ ಒಬ್ಬರು ಅನ್ನುವುದಕ್ಕೂ ಸರಿಹೋಯಿತು. "ಏನ ಅನ್ನಪಾ, ನಿನ್ನ ಲಗ್ನದಾಗ ನಾವು ಬಾಯಿ ಒಣಗಿಸಿಕೊಂಡು ಕುಂತ್ವಿ. ನೀ ತರಿಸಿದ ಮಾಲೆಲ್ಲಾ ಫೌಜದಾರನ ಪಾಲಾತು!" ಎಲ್ಲರೂ ಹೋ ಎಂದು ನಕ್ಕರು. ನಮ್ಮ ಮನೆಯವರೂ ನಕ್ಕರು.

ಗೆಳೆಯರು ಎದ್ದುಹೋದ ಮೇಲೆ ಕೇಳಿದೆ. "ಖರೇನ ಅದು?"

"ಹಳೇದು ಯಾಕ ತಗೀತಿ?" ಎಂದರು. ನಾನು ಅಲ್ಲಿಂದ ಏಳಲಿಲ್ಲ. ಕಡೆಗೆ ಹೇಳಿದರು. "ಗೆಳ್ಯಾರು ಜುಲುಮಿ ಮಾಡಿದ್ರು. ಲಗ್ನದ ಮುಂಚೆ ನಿಮ್ಮೂರಿಗೆ ಬಂದಾಗ ನಿಮ್ಮ ಕಾಕಾಗ ಒಂದ ಮಾತು ಹೇಳಿದೆ. ಒಲ್ಲೆಪಾ, ಜಲ್ಮದಾಗ ಆ ಕೆಲಸ ಮಾಡಿಲ್ಲ ಅಂದ್ರು. ಹಂಗಾದ್ರ ನಾನೂ ಲಗ್ನ ಒಲ್ಲೆ ಅಂತ ಚಾಷ್ಟಿ ಮಾಡಿದೆ. ಖರೇ ಅಂತ ತಿಳಕೊಂಡ್ರು ಕಾಣತೈತಿ."

ಚಾಷ್ಟಿ! ಅವರಿಗೆ ಅದು ಬರೀ ತಮಾಷೆ. ನಮ್ಮ ಕಡೆ ಮದುಮಗ ಬಾಯಿಬಿಟ್ಟು ಕೇಳಿದ್ದನ್ನು ಹೆಣ್ಣಿನ ಕಡೆಯವರು ಇಲ್ಲ ಅನ್ನುವಂತಿಲ್ಲ. ಅದು ಇವರಿಗೂ ಗೊತ್ತಿತ್ತು. "ಆಮ್ಯಾಲರೆ ಹೇಳಬೇಕಿತ್ತಲ್ಲ?" ಎಂದೆ. "ಹೇಳಿದ್ರ ಅಪ್ಪ ನನ್ನ ಮನ್ಯಾಗ ಇಟಗೊಂತಿದ್ದನೇನು?" ಎಂದು ಎದ್ದು ಒಳಗೆ ಹೋದರು. ಅಷ್ಟು ವರ್ಷ ಒಂದೇ ಸೂರಿನಡಿ ಉಂಡುಟ್ಟು ಬಾಳಿದ ಮನುಷ್ಯನ ಬೆನ್ನನ್ನು ಬೇರೆ ಯಾರದೋ ಎನ್ನುವಂತೆ ನೋಡುತ್ತ ಕುಳಿತೆ.

ಶಿರೋಳಕ್ಕೆ ಹೋದೆ. ಕಾಕಾ ಹೋಗಿಬಿಟ್ಟಿದ್ದರು. ಮಂಜುಗಣ್ಣಿನ ಕಾಕು ಒಬ್ಬಳೇ ಇದ್ದಳು. ಎಲ್ಲವನ್ನೂ ಹೇಳಿದೆ. ಕಾಕು ಅಂದಳು: "ನನಗೂ ಹೇಳಿಲ್ಲವ್ವಾ ಅವ್ರು. ಜೈಲಿಗಿ ಹೋದದ್ದಕ್ಕ ಎಂದೂ ಅತ್ತಾವರಲ್ಲ. ಆದ್ರ ನಂಬರ ಖರೇನ ಚೆಂದಕ್ಕ ಬಿಚ್ಚಿದ್ದೆ, ಅದನ್ನ ಒಬ್ಬರೂ ನಂಬಲಿಲ್ಲಲ್ಲ ಅಂತ ಕಡೀತನಾ ಹಲುಬಿದ್ರು."

ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತೆ. "ಆತು ಬಿಡವ್ವಾ, ನಿನ್ನ ಸಂಸಾರ ಆತಲ್ಲ," ಎಂದು ಬೆನ್ನು ಸವರಿದಳು. ಅದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾರೂ ಕೊಟ್ಟಿಲ್ಲ.

ಈಗ ಕಾಕುವೂ ಇಲ್ಲ, ಅಪ್ಪ ಅವ್ವನೂ ಇಲ್ಲ. ನಮ್ಮ ಮನೆಯವರು ಹೋಗಿಯೂ ಬಹಳ ವರ್ಷಗಳಾದವು. ನಾನು ಚೀರಿದ್ದು ಯಾಕೆ ಎಂದು ಮೊಮ್ಮಗ ಸಂಜೆ ಬಂದು ಕಾಲ ಬಳಿ ಕುಳಿತು ಕೇಳಿದ. ಹೇಳಿದೆ, ಯಾರದೋ ಒತ್ತಾಯಕ್ಕೆ ಕಾಕಾ ದಾರೂ ತಂದದ್ದು, ಫೌಜದಾರ ಹೊಡೆದದ್ದು, ಚಪ್ಪರದಲ್ಲಿ ಅಪ್ಪ ಆಡಿದ ಮಾತು. ಅವನ ಮುಖದ ಬಣ್ಣ ಹೋಯಿತು. "ದಾರೂ ತರಸಿದಾಂವ ಯಾರು, ಆಯಿ?" ಎಂದ.

ನಮ್ಮ ಕಾಲದ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವವರಲ್ಲ. ನಾನೂ ಹೇಳಲಿಲ್ಲ. ಯಾವಗಲ್ಲಿನ ದಾರಿಯಲ್ಲಿ, ಧೂಳಿನಲ್ಲಿ ಮೊಣಕಾಲೂರಿ, ಕಾಕಾ ಕೂಡ ಹೇಳಿರಲಿಲ್ಲ.