ಹೋದ ಪರವಾ, ಬರುವ ಪರವಾ

1991ನೇ ಇಸವಿಯ ಡಿಸೆಂಬರ್ ತಿಂಗಳು. ಆಗ ನಾನು ರಾಯಬಾಗ ತಾಲೂಕಿನ ಒಂದು ಸಣ್ಣ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕನಾಗಿ ಸೇವೆ ಸಲ್ಲಿಸುತ್ತಿದ್ದೆ. ಊರಿನ ಹೆಸರನ್ನು ನಮೂದಿಸದೇ ಇರಲು ಓದುಗರ ಅನುಮತಿ ಕೋರುತ್ತೇನೆ; ಅದರ ಕಾರಣ ನನ್ನ ನಾಚಿಕೆಯೇ ಎಂಬುದು ಮುಂದೆ ತಿಳಿದುಬರುತ್ತದೆ. ಕಚೇರಿಯ ಪತ್ರಗಳ ಹೊರತು ನಾನು ಈವರೆಗೆ ಏನನ್ನೂ ಬರೆದವನಲ್ಲ. ಆದಕಾರಣ ಬರವಣಿಗೆಯಲ್ಲಿ ಲೋಪದೋಷಗಳು ಕಂಡುಬಂದಲ್ಲಿ ಮನ್ನಿಸಬೇಕಾಗಿ ವಿನಂತಿ.

ನಿಲ್ದಾಣದಲ್ಲಿ ‘ವಿಚಾರಣೆ’ ಎಂದು ಬರೆದ ಒಂದು ಕಿಟಕಿ ಇತ್ತು. ಅದರ ಹಿಂದೆ ನನ್ನ ಕುರ್ಚಿ, ಕುರ್ಚಿಯ ಹಿಂದಿನ ಗೋಡೆಯ ಮೇಲೆ ವೇಳಾಪಟ್ಟಿ. ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆಯ ಎಲ್ಲ ಬಸ್ಸುಗಳ ವೇಳೆ ನನಗೆ ಬಾಯಿಪಾಠವಾಗಿತ್ತು. ಆದರೆ ಆ ಭಾಗದ ಪ್ರಯಾಣ ಬಸ್ಸೊಂದರಿಂದಲೇ ಮುಗಿಯುವಂಥದ್ದಲ್ಲ. ಅಥಣಿಗೆ ಹೋಗುವವರು ನಮ್ಮಲ್ಲಿಂದ ಬಸ್ಸಿನಲ್ಲಿ ಕೃಷ್ಣಾ ಹೊಳೆಯ ದಂಡೆಗೆ ಹೋಗಿ, ನಾವೆಯಲ್ಲಿ ಆಚೆ ದಂಡೆಯ ಸತ್ತಿ ಎಂಬ ಊರಿಗೆ ದಾಟಿ, ಅಲ್ಲಿಂದ ಟೆಂಪೋ ಹಿಡಿಯುತ್ತಿದ್ದರು. ಹೊಳೆಯ ರಸ್ತೆಯಲ್ಲಿಯೇ, ಒಂದು ಮೈಲಿಯಾಚೆ, ರೈಲ್ವೆ ಗೇಟು ಮತ್ತು ಸ್ಟೇಶನ್ ಇದ್ದವು. ರೈಲು, ನಾವೆ, ಟೆಂಪೋಗಳ ಬಗ್ಗೆ ಯಾರಾದರೂ ಕೇಳಿದರೆ, “ಅದು ನಮ್ಮ ಖಾತೆಗೆ ಬರೂದಿಲ್ಲ” ಎಂದು ಹೇಳಿ ಕಳುಹಿಸುತ್ತಿದ್ದೆ. ಅದು ನಿಯಮಕ್ಕೆ ಅನುಸಾರವಾಗಿಯೇ ಇತ್ತು.

ಹಾಗೆ ನಾನು ಕಳುಹಿಸಿದವರೆಲ್ಲ ನೇರವಾಗಿ ಭಾಗವ್ವನ ಬುಟ್ಟಿಯ ಹತ್ತಿರ ಹೋಗುತ್ತಿದ್ದರು.

ಭಾಗವ್ವ ನಿಲ್ದಾಣದ ಬಾಗಿಲಲ್ಲಿ ಹುರಿದ ಶೇಂಗಾ ಮಾರುತ್ತಿದ್ದಳು. ಕುರಿ ಕಾಯುವವರ ಮನೆತನ, ಕಾಗವಾಡದ ಕಡೆಯ ತವರು, ಅಕ್ಷರಜ್ಞಾನವಿಲ್ಲ. ಬಸ್ಸಿನಿಂದ, ಟಾಂಗಾದಿಂದ ಇಳಿದ ಪ್ರತಿಯೊಬ್ಬರ ಅಂಗೈಗೂ ನಾಲ್ಕು ಶೇಂಗಾ ಹಾಕಿ ವಿಚಾರಿಸುತ್ತಿದ್ದಳು: “ಎಲ್ಲಿಂದ ಬಂದಿ ಯಪ್ಪಾ? ನಾವಿಗೆ ಮಂದಿ ಎಷ್ಟ ಇದ್ರು? ಸತ್ತಿ ಟೆಂಪೋ ನಿಂತಿತ್ತೋ, ಹೋಗಿತ್ತೋ?” ಹೀಗೆ ಕೇಳಿ ಕೇಳಿ, ಯಾವ ರೈಲಿಗೆ ಯಾವ ಬಸ್ಸು ಸಿಗುತ್ತದೆ, ಆ ಬಸ್ಸು ಹೊಳೆ ಮುಟ್ಟುವಾಗ ನಾವೆ ಯಾವ ದಂಡೆಯಲ್ಲಿರುತ್ತದೆ ಎಂಬುದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡಿದ್ದಳು. ಬೆಳಗಾವಿ, ಮಿರಜಿನಂಥ ಪಟ್ಟಣಗಳಿಂದ ಬಂದವರೂ ಆಕೆಯ ಮುಂದೆ ಬಗ್ಗಿ ನಿಂತು ಕೇಳಿಕೊಳ್ಳುತ್ತಿದ್ದರು.

ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಇದನ್ನು ಬೇರೆ ಶಬ್ದದಲ್ಲಿ ಬರೆಯಲು ಎರಡು ದಿನ ಪ್ರಯತ್ನಿಸಿದೆ. ಬೇರೆ ಶಬ್ದ ಸಿಗಲಿಲ್ಲ. ಕಿಟಕಿಯ ಸರಳುಗಳ ನಡುವಿನಿಂದ ಆಕೆಯ ಸುತ್ತ ನಿಂತ ತಲೆಗಳನ್ನು ಎಣಿಸುತ್ತಿದ್ದೆ. ಅವರು ನಕ್ಕರೆ ನನ್ನ ಬಗ್ಗೆಯೇ ನಗುತ್ತಿದ್ದಾರೆ ಎನಿಸುತ್ತಿತ್ತು. ಬಾಗಿಲಿಗೆ ಅಡ್ಡಿಯಾಗುತ್ತದೆ ಎಂಬ ನೆಪ ಹೇಳಿ ಆಕೆಯ ಬುಟ್ಟಿಯನ್ನು ಬೇವಿನ ಮರದ ಕೆಳಗೆ ಸರಿಸಿದೆ. ನೆರಳು ಸಿಕ್ಕಿತೆಂದು ಜನ ಇನ್ನೂ ಹೆಚ್ಚಾದರು. ಹೊಸಬರು ನನ್ನ ಕಿಟಕಿಗೆ ಬಂದು, “ಸಾಹೇಬ್ರ, ಶೇಂಗಾದ ಭಾಗವ್ವ ಎಲ್ಲಿ ಕುಂಡರ್ತಾಳ್ರಿ?” ಎಂದು ಕೇಳುತ್ತಿದ್ದರು. ನಾನು ಬೆರಳು ಮಾಡಿ ತೋರಿಸುತ್ತಿದ್ದೆ. ಆ ಚಳಿಗಾಲದಲ್ಲಿ ನನ್ನ ಕಿಟಕಿಗೆ ಅತಿ ಹೆಚ್ಚಾಗಿ ಬಂದ ವಿಚಾರಣೆ ಅದೇ.

ಒಂದು ದಿನ ನನ್ನ ಹೆಂಡತಿ ಅಥಣಿಯಲ್ಲಿರುವ ತನ್ನ ಅಣ್ಣನ ಮನೆಗೆ ಹೊರಟಳು. ನಾನು ಬಸ್ಸಿನ ವೇಳೆ ಹೇಳಿದೆ. ಆಕೆ ಸೀರೆ ಮಡಿಸುತ್ತಲೇ, “ಅದಿರ್ಲಿ, ಭಾಗವ್ವನ ಒಂದ ಮಾತ ಕೇಳ್ಕೊಂಡ ಬರ್ರಿ” ಎಂದಳು. ಅಂದು ನಾನು ಮನೆಯಲ್ಲಿ ಊಟ ಮಾಡಲಿಲ್ಲ.

ಮರುದಿನವೇ ಹೊಸ ವ್ಯವಸ್ಥೆ ಮಾಡಿದೆ. ಹೊಳೆಯ ಬಸ್ಸಿನ ಕಂಡಕ್ಟರ್ ಕಲ್ಲಪ್ಪ ಎಂಬವನು ದಿನವೂ ಅಂಬಿಗನಿಂದ ನಾವೆಯ ಸುದ್ದಿ ತಂದು, ಬಸ್ಸಿನ ಬಾಗಿಲಲ್ಲಿ ನಿಂತೇ ಭಾಗವ್ವನಿಗೆ ಕೂಗಿ ಹೇಳುತ್ತಿದ್ದ. ಅವನನ್ನು ಕರೆದು, “ಇನ್ನ ಮ್ಯಾಲ ಬಾಯಿಮಾತ ನಡಿಯೂದಿಲ್ಲ. ಅಂಬಿಗನ ಕಡಿಂದ ಚೀಟಿ ಬರಸ್ಕೊಂಡ ಬಾ, ನನ್ನ ಕಿಟಕಿಗೆ ಕೊಡು. ತಂತಿ ಹಂಗ ಚುಟುಕ ಇರಬೇಕು” ಎಂದು ಸೂಚನೆ ನೀಡಿದೆ.

ಕಲ್ಲಪ್ಪ ನಕ್ಕ. “ಅಂವಾ ಹುಟ್ಟ ಹಾಕಾಂವ್ರಿ ಸಾಹೇಬ್ರ, ತಂತಿ ಹ್ಯಾಂಗ ಬರೀತಾನ?”

“ಬರೀತಾನ. ನೀ ಹೇಳು.”

ಚೀಟಿಗಳು ಬರತೊಡಗಿದವು. ಅಂಬಿಗನ ಮನೆಮಾತು ಮರಾಠಿ. ಕನ್ನಡ ಅಕ್ಷರದಲ್ಲಿ ಮರಾಠಿ ಬೆರೆಸಿ ಬರೆಯುತ್ತಿದ್ದ. ನಾನು ಕನ್ನಡವೇ ನಡೆಯುವ ತೆಲಸಂಗದ ಕಡೆಯವನು. ನನ್ನ ಮರಾಠಿ ನೆರೆಹೊರೆಯವರಿಂದ ಕಿವಿಗೆ ಬಿದ್ದಷ್ಟೇ. ಅದೊಂದು ಮಂಗಳವಾರ ಬಂದ ಚೀಟಿಯಲ್ಲಿ ಮೂರೇ ಶಬ್ದಗಳಿದ್ದವು: ‘ನಾವ ಪರವಾ ಬಂದ್’. ಚುಟುಕಾಗಿರುವುದನ್ನು ಕಂಡು ಸಂತೋಷವಾಯಿತು. ಪಕ್ಕದ ಮನೆಯವರು ‘ಪರವಾ’ ಎಂದರೆ ‘ಮೊನ್ನೆ’ ಎಂಬ ಅರ್ಥದಲ್ಲಿ ಆಡುವುದನ್ನು ನಾನು ಕೇಳಿದ್ದೆ. ಮೊನ್ನೆ, ಅಂದರೆ ರವಿವಾರ, ಅಂಬಿಗರು ಯಡೂರಿಗೆ ದೇವರಿಗೆ ಹೋಗಿದ್ದರಿಂದ ನಾವೆ ನಿಂತಿದ್ದು ಸಹ ನಿಜವೇ ಆಗಿತ್ತು. ಹಳೆಯ ಸುದ್ದಿ ಎಂದು ತಿಳಿದು ಚೀಟಿಯನ್ನು ಕಡತಕ್ಕೆ ಸೇರಿಸಿದೆ.

ಸಂಜೆ ಭಾಗವ್ವ ಕಿಟಕಿಗೆ ಬಂದು, “ಹೊಳಿ ಸುದ್ದಿ ಏನ ಬಂದೈತ್ರಿ ಸಾಹೇಬ್ರ?” ಎಂದು ಕೇಳಿದಳು.

“ಕಚೇರಿ ಕಾಗದ ಅದು. ನಿನಗ್ಯಾಕ?”

“ನನಗಲ್ರಿ, ಮಂದಿ ಕೇಳ್ತಾರ.”

“ಮಂದಿನ್ನ ಇಲ್ಲಿ ಕಳಸು” ಎಂದೆ. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಹೊರಟುಹೋದಳು.

ಗುರುವಾರ ಬೆಳಿಗ್ಗೆ ಚಿಕ್ಕೋಡಿಯ ಬಸ್ಸಿನಿಂದ ಒಬ್ಬ ತಾಯಿ, ಆಕೆಯ ಮಗಳು ಇಳಿದರು. ನಿಪ್ಪಾಣಿಯವರು. ಮಗಳ ಹೆಸರು ಶೋಭಾ. ಆಕೆಗೆ ಅಥಣಿಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತ್ತು. ಆದೇಶ ಟಪಾಲಿನಲ್ಲಿ ತಡವಾಗಿ ಕೈಸೇರಿದ್ದರಿಂದ ಹಾಜರಾಗಲು ಅದೇ ಕೊನೆಯ ದಿನ. ಮಧ್ಯಾಹ್ನ ಮೂರರೊಳಗೆ ಕಚೇರಿಯಲ್ಲಿರಬೇಕು, ತಪ್ಪಿದರೆ ಆ ಜಾಗ ಬೇರೆಯವರ ಪಾಲು. ಇದೆಲ್ಲ ನನಗೆ ಹೇಗೆ ತಿಳಿಯಿತೆಂದರೆ, ಅವರು ಯಾರೋ ಹೇಳಿದ ಪ್ರಕಾರ ಬೇವಿನ ಮರದ ಕಡೆಗೆ ನಡೆದಿದ್ದಾಗ ನಾನೇ ಕಿಟಕಿಯಿಂದ ಕೂಗಿ ಕರೆದೆ.

“ತಾಯಿ, ವಿಚಾರಣೆ ಇಲ್ಲಿ ಐತಿ.”

ಅವರು ಹಿಂತಿರುಗಿದರು. ಹತ್ತೂವರೆಯ ಬಸ್ಸು, ಹೊಳೆ, ನಾವೆ, ಸತ್ತಿ, ಟೆಂಪೋ, ಒಂದು ಗಂಟೆಗೆ ಅಥಣಿ ಎಂದು ನಾನು ಸರಾಗವಾಗಿ ಹೇಳಿದೆ. ಶೋಭಾ ಅದನ್ನೆಲ್ಲ ಲಕೋಟೆಯ ಹಿಂಬದಿಗೆ ಬರೆದುಕೊಂಡು, “ಭಾಳ ಉಪಕಾರ ಆತ್ರಿ ಸರ್” ಎಂದಳು. ನಾನು ಭಾಗವ್ವನ ಕಡೆ ನೋಡಿದೆ. ಆಕೆ ಶೇಂಗಾದ ಹೊಟ್ಟು ತೂರುತ್ತಿದ್ದಳು.

ಬಸ್ಸು ಹೊರಟಿತು. ಅಷ್ಟಕ್ಕೆ ನಾನು ಸುಮ್ಮನಿರಬಹುದಿತ್ತು. ಆದರೆ ಗೆದ್ದದ್ದು ಆಕೆಗೂ ಗೊತ್ತಾಗಬೇಕಲ್ಲ. ಕಡತ ಹಿಡಿದುಕೊಂಡು ಬೇವಿನ ಮರದ ಹತ್ತಿರ ಹೋಗಿ, “ನೋಡ ಭಾಗವ್ವ, ಹೊಳಿ ಸುದ್ದಿ ಈಗ ಲಿಖಿತ ಬರ್ತೈತಿ” ಎಂದು ಒಂದೊಂದೇ ಚೀಟಿಯನ್ನು ಓದಿ ತೋರಿಸಿದೆ. ‘ನಾವ ಪರವಾ ಬಂದ್’ ಎಂದು ಓದಿದಾಗ ಆಕೆಯ ಕೈ ನಿಂತಿತು.

“ಯಾವ ಪರವಾ?” ಎಂದಳು.

“ಯಾವದಂದ್ರ? ಮೊನ್ನೆ.”

“ಹೋದ ಪರವಾನೋ, ಬರೂ ಪರವಾನೋ? ಮರಾಠ್ಯಾಗ ಮೊನ್ನಿಗೂ ಪರವಾ ಅಂತಾರ, ನಾಡಿದ್ದಕೂ ಪರವಾ ಅಂತಾರ್ರಿ. ಮುಂದ ಹೋತಿ ಅಂದ್ರ ಹೋದದ್ದು, ರಾಹೀಲ ಅಂದ್ರ ಬರೂದು. ಮುಂದಿಂದ ಓದ್ರಿ.”

ಮುಂದೆ ಏನೂ ಇರಲಿಲ್ಲ. ಚುಟುಕಾಗಿ ಬರೆಯಲು ನಾನೇ ಸೂಚನೆ ನೀಡಿದ್ದೆ.

“ಚೀಟಿ ಯಾವತ್ತ ಬಂತು?”

“ಮಂಗಳವಾರ.”

ಆಕೆ ಬೆರಳು ಮಡಚಿದಳು. “ಬುಧವಾರ, ಗುರುವಾರ. ಇವತ್ತ. ರವಿವಾರ ನಾವ ನಿಂತದ್ದ ಊರಿಗೇ ಗೊತ್ತೈತಿ, ಅದನ್ನ ಮಂಗಳವಾರ ಯಾಕ ಬರ್ದ ಕಳಸ್ತಾನ್ರಿ ಅಂವಾ? ನಾವಿಗೆ ಡಾಂಬರ್ ಬಡಿಯೂದೈತಿ ಅಂತ ಹಿಂದಿನ ವಾರ ಅಂತಿದ್ದ.”

ಆ ಬಸ್ಸು ಹೊಳೆಯಿಂದ ಹಿಂತಿರುಗುವುದು ಸಂಜೆಗೆ. ಆ ತಾಯಿ ಮಗಳು ಮೂರು ಗಂಟೆಗೆ ದಂಡೆಯ ಮೇಲೆ ಕುಳಿತು ಎಳೆದು ಹಾಕಿದ ನಾವೆಯನ್ನು ನೋಡುತ್ತಿರುತ್ತಾರೆ.

ಭಾಗವ್ವ ಆಗಲೇ ಎದ್ದು ನಿಂತಿದ್ದಳು. “ಸೈಕಲ್ ತಗೀರಿ. ಮಿರಜಿ ರೈಲ ಬರೂ ಹೊತ್ತು, ಗೇಟ ಹಾಕಿರ್ತಾರ. ಕಬ್ಬಿನ ಗಾಡಿ ಸಾಲ ಬ್ಯಾರೆ. ಬಸ್ಸ ಅಲ್ಲೇ ನಿಂತಿರ್ತೈತಿ.”

ಆಕೆಯನ್ನು ಹಿಂದಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ಖಾಕಿ ಸಮವಸ್ತ್ರದಲ್ಲಿ ನಾನು ಸೈಕಲ್ ತುಳಿದೆ. ಅಂಗಡಿಗಳ ಮುಂದಿನ ಜನ ಎದ್ದು ನಿಂತು ನೋಡಿದರು. “ಭಾಗವ್ವ, ಸಾಹೇಬ್ರನ್ನ ಎಲ್ಲಿಗೆ ಕರ್ಕೊಂಡ ನಡದಿ?” ಎಂದು ಒಬ್ಬ ಕೇಳಿದ. ಭಾಗವ್ವನೇ ಉತ್ತರ ಕೊಟ್ಟಳು: “ವಿಚಾರಣಿಗೆ.”

ಗೇಟು ಹಾಕಿತ್ತು. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ನಿಂತಿತ್ತು. ಭಾಗವ್ವ ಒಳಗೆ ಹತ್ತಿ ತಾಯಿ ಮಗಳನ್ನು ಇಳಿಸಿಕೊಂಡು ಸ್ಟೇಶನ್ ಕಡೆ ನಡೆಸುತ್ತಲೇ ಹೇಳಿದಳು: “ನಾವ ಇಲ್ರೆವ್ವಾ ಇವತ್ತ. ರೈಲಿಗೆ ಹೋಗ್ರಿ. ಕುಡಚಿ ದಾಟಿ ಪೂಲ್ ಬರ್ತೈತಿ, ಹೊಳಿ ದಾಟಿದಂಗ ಆತು. ಶೇಡಬಾಳಕ್ಕ ಇಳೀರಿ. ಹೊರಗ ಟೆಂಪೋ ಇರ್ತಾವ, ಕಾಗವಾಡಕ್ಕ. ಅಲ್ಲಿ ಮಿರಜಿಯಿಂದ ಬರೂ ಅಥಣಿ ಬಸ್ಸ ಸಿಗತೈತಿ. ಎರಡಕ್ಕ ಅಥಣ್ಯಾಗ ಇರ್ತೀರಿ.” ಶೋಭಾ ಲಕೋಟೆಯ ಮೇಲೆ ನಾನು ಹೇಳಿದ್ದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಅದರ ಕೆಳಗೆ ಇದನ್ನು ಬರೆದುಕೊಂಡಳು. ಆ ಗೆರೆ ನನಗೆ ಇನ್ನೂ ಕಾಣುತ್ತದೆ.

ತಾಯಿ ನನ್ನ ಕಡೆ ತಿರುಗಿ, “ಮತ್ತ ಮೊದಲ ನಾವಿಗೆ ಹೋಗ್ರಿ ಅಂದ್ರೆಲ್ರಿ?” ಎಂದು ಕೇಳಿದರು.

“ಬಂದ ಚೀಟಿ ತಪ್ಪ ಇತ್ರಿ” ಎಂದೆ.

ಭಾಗವ್ವ ನನ್ನ ಮುಖ ನೋಡಿದಳು. ಆಮೇಲೆ, “ಆ ಮಾತ ಹಂಗ ಐತ್ರೆವ್ವಾ, ಹಿಂದೂ ನೋಡ್ತೈತಿ, ಮುಂದೂ ನೋಡ್ತೈತಿ” ಎಂದಷ್ಟೇ ಹೇಳಿದಳು. ರೈಲು ಬಂತು, ಅವರು ಹತ್ತಿದರು, ಹೋದರು.

ಮರಳಿ ಬರುವಾಗ ಭಾಗವ್ವ ಸೈಕಲ್ ಹತ್ತಲು ಒಪ್ಪದೆ ನಡೆದುಕೊಂಡೇ ಬಂದಳು. ನಿಲ್ದಾಣ ಮುಟ್ಟಿದಾಗ ಬೇವಿನ ಮರದ ಕೆಳಗೆ ಏಳೆಂಟು ಜನ ಆಕೆಗಾಗಿ ಕಾಯುತ್ತಿದ್ದರು. ಕಿಟಕಿಯ ಮುಂದೆ ಯಾರೂ ಇರಲಿಲ್ಲ. ಅಷ್ಟೆಲ್ಲ ನಡೆದ ಮೇಲೂ, ಆ ಏಳೆಂಟು ತಲೆಗಳನ್ನು ಎಣಿಸುವಾಗ ನನ್ನ ಎದೆಯಲ್ಲಿ ಮತ್ತೆ ಅದೇ ಉರಿ ಎದ್ದಿತು ಎಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ.

ಹದಿನೈದು ದಿನಗಳ ನಂತರ ಶೋಭಾ ಪೇಡೆಯ ಪೊಟ್ಟಣ ಹಿಡಿದು ಬಂದಳು. ಮೂರಕ್ಕೆ ಇಪ್ಪತ್ತು ನಿಮಿಷ ಇರುವಾಗ ಹಾಜರಾದಳಂತೆ. ಕಿಟಕಿಯಲ್ಲಿ ನನಗೆ ನಮಸ್ಕರಿಸಿ, “ಭಾಗವ್ವಾರು ಎಲ್ಲಿ ಕುಂಡರ್ತಾರ್ರಿ ಸರ್?” ಎಂದು ಕೇಳಿದಳು. ನಾನು ಬೆರಳು ಮಾಡಿ ತೋರಿಸಿದೆ. ಸ್ವಲ್ಪ ಹೊತ್ತಿಗೆ ಭಾಗವ್ವ ಅರ್ಧದಷ್ಟು ಪೇಡೆಗಳನ್ನು ಎಲೆಯಲ್ಲಿ ಕಟ್ಟಿ ತಂದು ಕಿಟಕಿಯೊಳಗೆ ಸರಿಸಿದಳು. “ತಗೋರಿ. ಸೈಕಲ್ ನಿಮ್ಮದ ಇತ್ತಲ್ರಿ.”

ಆ ಮೇಲೆ ಚೀಟಿಗಳನ್ನು ನಿಲ್ಲಿಸಿದೆ. ಒಂದು ಕಪ್ಪು ಹಲಗೆ ತರಿಸಿ, ದಿನವೂ ಬೆಳಿಗ್ಗೆ ಭಾಗವ್ವನನ್ನು ಕೇಳಿ, ಯಾವ ರೈಲಿಗೆ ಯಾವ ಬಸ್ಸು, ಯಾವ ಬಸ್ಸಿಗೆ ನಾವೆ, ಎಲ್ಲಿ ಟೆಂಪೋ ಎಂದು ಬರೆದು ಕೆಳಗೆ ಸಹಿ ಮಾಡುತ್ತಿದ್ದೆ. ‘ಪರವಾ’ ಎಂಬ ಶಬ್ದವನ್ನು ಎಂದೂ ಬರೆಯಲಿಲ್ಲ. ವಾರದ ಹೆಸರು ಬರೆಯುತ್ತಿದ್ದೆ. ಕೆಲವು ತಿಂಗಳ ನಂತರ ತಪಾಸಣೆಗೆ ಬಂದ ಮೇಲಧಿಕಾರಿಗಳು ಹಲಗೆಯ ಮುಂದೆ ಬಹಳ ಹೊತ್ತು ನಿಂತು, ಇಂಥ ಕೆಲಸ ಎಲ್ಲ ಕಡೆಯೂ ಆಗಬೇಕೆಂದು ನನ್ನನ್ನು ಹೊಗಳಿದರು. ನಾನು ಕೈಮುಗಿದೆ.

ಅವರು ಹೋದ ಮೇಲೆ ಭಾಗವ್ವ, “ಏನಂದ್ರು ಸಾಹೇಬ್ರು?” ಎಂದು ಕೇಳಿದಳು.

“ಹಲಗಿ ಛಲೋ ಐತಿ ಅಂದ್ರು.”

“ಅಕ್ಷರ ಛಲೋ ಅದಾವ ಅಂದಿರಬೇಕ್ರಿ” ಎಂದು ನಕ್ಕು, ಬುಟ್ಟಿಯ ಹತ್ತಿರ ಹೋದಳು.

ನಾಲ್ಕು ವರ್ಷ ಆ ಹಲಗೆಯ ಮೇಲೆ ಬರೆದೆ. ನಂತರ ನನಗೆ ವರ್ಗವಾಯಿತು. ಈಗಲೂ ಯಾವುದಾದರೂ ಊರಿನ ನಿಲ್ದಾಣದಲ್ಲಿ ಜನ ವಿಚಾರಣೆಯ ಕಿಟಕಿ ಬಿಟ್ಟು ಹಣ್ಣಿನವಳನ್ನೋ ಚಹಾದವನನ್ನೋ ದಾರಿ ಕೇಳುತ್ತಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ನಾನೂ ಅವರನ್ನೇ ಹೋಗಿ ಕೇಳುತ್ತೇನೆ.

ಆ ನಾಲ್ಕು ವರ್ಷ ಹಲಗೆಯ ಕೆಳಗೆ ನನ್ನ ಸಹಿಯೊಂದೇ ಇತ್ತು. ಇನ್ನೊಂದು ಹೆಸರು ಬರೆಯಲು ಜಾಗ ಸಾಕಷ್ಟಿತ್ತು, ಸುಣ್ಣದ ಕಡ್ಡಿಯೂ ಕೈಯಲ್ಲೇ ಇತ್ತು. ಬರೆದಿದ್ದರೂ ಆಕೆಗೆ ಓದಲು ಬರುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆ ಹೆಸರನ್ನು ನನ್ನ ಕೈಯಾರೆ ಬರೆದು ಕೆಳಗೆ ಸಹಿ ಮಾಡುತ್ತಿರುವುದು ಈ ಕಾಗದದಲ್ಲಿಯೇ ಮೊದಲು: ಭಾಗವ್ವ.